ಮಗಳ ಕಾಲೇಜು ತಂಡದ ಕೋಚ್ ಮೇಲೆ ದೂರು ಕೊಡಬೇಕಾಗಿದೆ: ಅನುಭವ ಇದ್ದವರು ದಾರಿ ತಿಳಿಸಿ

ಕೇಳುತ್ತಿರುವವರು: ಮಿಷಿಗನ್‌ನಲ್ಲಿರುವ ಒಬ್ಬ ತಾಯಿ

ನಮ್ಮ ಮಗಳು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಮಹಿಳಾ ರೋಯಿಂಗ್ ತಂಡದಲ್ಲಿದ್ದಾಳೆ, ಅರ್ಧ ಶುಲ್ಕದಷ್ಟು ಸ್ಕಾಲರ್‌ಷಿಪ್ ಕೂಡ ಇದೆ. ಮುಖ್ಯ ಕೋಚ್ ಹುಡುಗಿಯರನ್ನು ಎಲ್ಲರೆದುರು ಕೀಳಾಗಿ ಬೈಯುತ್ತಾರೆ. ಪಕ್ಕೆಲುಬಿನ ನೋವಿಗೆ ಎರಡು ವಾರ ವಿಶ್ರಾಂತಿ ಬೇಕೆಂದು ತಂಡದ ಗಾಯಗಳನ್ನು ನೋಡಿಕೊಳ್ಳುವ ಟ್ರೇನರ್ ಬರೆದುಕೊಟ್ಟ ಮೇಲೂ ಮಗಳನ್ನು ದೋಣಿ ಹತ್ತಿಸಿದ್ದಾರೆ. ಅವಳ ಜೊತೆಗಾತಿಯೊಬ್ಬಳಿಗೆ ರಾತ್ರಿ ಹೊತ್ತು ಅವರಿಂದ ಸಲ್ಲದ ಸಂದೇಶಗಳು ಬರುತ್ತಿವೆಯಂತೆ. ಸಹಾಯಕ ಕೋಚ್‌ಗೆ ಮಗಳು ಇದನ್ನೆಲ್ಲ ಹೇಳಿ ಐದು ವಾರವಾಯಿತು; "ನಾನು ನೋಡುತ್ತೇನೆ" ಎಂದವರು ಮತ್ತೆ ಮಾತೆತ್ತಿಲ್ಲ. ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್‌ಗೆ ನಾವೇ ಫೋನ್ ಮಾಡಬಹುದೇ? ಸ್ಕಾಲರ್‌ಷಿಪ್ ಹೋಗುತ್ತದೆಯೇ? ಮಗಳು ಮಾತ್ರ "ಅಮ್ಮ, ದಯವಿಟ್ಟು ಸುಮ್ಮನಿರು" ಎನ್ನುತ್ತಾಳೆ.

ಇಲಿನಾಯ್‌ನಿಂದ, ಮಾಜಿ ಈಜುಗಾರ್ತಿಯ ತಾಯಿ

ನಿಮ್ಮ ಮಾತು ಓದುತ್ತಿದ್ದಂತೆ ನಾಲ್ಕು ವರ್ಷದ ಹಿಂದಿನ ನಮ್ಮ ಅಡುಗೆಮನೆ ಕಣ್ಣೆದುರು ಬಂತು. ನವೆಂಬರ್ ರಜೆಗೆ ಬಂದಿದ್ದ ಮಗಳಿಗೆ ಇಷ್ಟವೆಂದು ಬೇಳೆ ಸಾರು ಮಾಡಿ ಬಡಿಸಿದೆ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಚಮಚದಲ್ಲಿ ಅಳೆದು, ಮೂರು ಚಮಚ ಉಳಿಸಿಕೊಂಡು, ಮಿಕ್ಕಿದ್ದನ್ನು ಪಾತ್ರೆಗೆ ವಾಪಸು ಹಾಕಿದಳು. ಎರಡು ದಿನ ಬಿಡದೆ ಕೇಳಿದ ಮೇಲೆ ವಿಷಯ ಹೊರಬಂತು. ಪ್ರತಿ ಸೋಮವಾರ ಬೆಳಗಿನ ಜಾವ ಕೊಳದ ಪಕ್ಕದ ಬಿಳಿ ಹಲಗೆಯ ಮೇಲೆ ಕೋಚ್ ಎಲ್ಲ ಹುಡುಗಿಯರ ತೂಕ ಬರೆಯುತ್ತಿದ್ದರು. ಹೆಚ್ಚಾದವರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಅವರ ಮೈಕಟ್ಟಿನ ಬಗ್ಗೆ ನಾನಿಲ್ಲಿ ಬರೆಯಲಾರದಂಥ ಮಾತು ಆಡುತ್ತಿದ್ದರು.

ನೀವು ಕೇಳಿದ ಫೋನ್ ಕರೆಯನ್ನು ನಾವು ಮಾಡಿದ್ದೆವು, ಅದೇ ನಮ್ಮ ಮೊದಲ ತಪ್ಪು. ನನ್ನ ಯಜಮಾನರು ಅಥ್ಲೆಟಿಕ್ ಡೈರೆಕ್ಟರ್ ಜೊತೆ ನಲವತ್ತು ನಿಮಿಷ ಮಾತನಾಡಿದರು. ಅವರು ಬಹಳ ಸೌಜನ್ಯದಿಂದ ಕೇಳಿಸಿಕೊಂಡು, "ಅದು ಅವರ ಕೋಚಿಂಗ್ ಶೈಲಿ, ಆದರೂ ಗಮನಿಸುತ್ತೇವೆ" ಎಂದರು. ಆ ಮಾತುಕತೆಯ ಒಂದೇ ಒಂದು ಅಕ್ಷರವೂ ಯಾವ ಕಡತಕ್ಕೂ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ದೂರು ಕೊಟ್ಟವರು ಯಾರ ಮನೆಯವರು ಎಂಬುದು ವಾರದೊಳಗೆ ಕೋಚ್‌ಗೆ ತಿಳಿದಿತ್ತು, ಮಗಳು ರಿಲೇ ತಂಡದಿಂದ ಹೊರಬಿದ್ದಿದ್ದಳು. ವಿಚಾರಿಸಲು ನಾವು ಮತ್ತೆ ಫೋನ್ ಮಾಡಿದಾಗ, ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಏನನ್ನೂ ಹೇಳುವಂತಿಲ್ಲ ಎಂಬ ಉತ್ತರ ಬಂತು. 1974ರ ಶಿಕ್ಷಣ ದಾಖಲೆಗಳ ಗೌಪ್ಯತಾ ಕಾನೂನಿನ ಪ್ರಕಾರ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ಆ ಹಕ್ಕು ಅವರದು, ಶುಲ್ಕ ಕಟ್ಟುವವರು ನಾವೇ ಆದರೂ ಸರಿಯೇ. ಊರಿನಲ್ಲಿ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಮಾತನಾಡಿ ಬರುತ್ತಿದ್ದ ನಮಗೆ ಇದು ಅರ್ಥವಾಗಲು ಸಮಯ ಹಿಡಿಯಿತು.

ಮಗಳು ತಾನೇ ಬರೆಯಲು ಕುಳಿತ ಮೇಲೆ ಮಾತ್ರ ಕೆಲಸ ಮುಂದೆ ಸಾಗಿತು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು, ಯಾರು ಕೇಳಿಸಿಕೊಂಡರು ಎಂದು ಎಂಟು ಪುಟ ಬರೆದಳು. ನಾಲ್ವರು ಜೊತೆಗಾತಿಯರು ತಮ್ಮ ತಮ್ಮ ಹೆಸರಿನಲ್ಲಿ ಬೇರೆಯಾಗಿಯೇ ಬರೆದುಕೊಟ್ಟರು. ಆ ಹಲಗೆಯ ಚಿತ್ರವನ್ನು ಮೊದಲ ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ತೆಗೆದಿಟ್ಟಿದ್ದಳು. ಪತ್ರವನ್ನು ಅಥ್ಲೆಟಿಕ್ ವಿಭಾಗಕ್ಕೆ ಕಳಿಸದೆ, ಲಿಂಗ ತಾರತಮ್ಯ, ಲೈಂಗಿಕ ಕಿರುಕುಳದ ದೂರುಗಳನ್ನು ನೋಡುವ ಟೈಟಲ್ ನೈನ್ ಕಚೇರಿಗೂ ವಿದ್ಯಾರ್ಥಿಗಳ ಡೀನ್‌ಗೂ ಇಮೇಲ್ ಮಾಡಿದರು. ತೂಕ ಬರೆಯುವುದು ಹತ್ತು ದಿನದಲ್ಲಿ ನಿಂತಿತು. ಕೋಚ್ ಮಾತ್ರ ಸೀಸನ್ ಮುಗಿಯುವವರೆಗೂ ಇದ್ದರು. ಆಮೇಲೆ ಕಾರಣ ಹೇಳದೆಯೇ ಅವರ ಕರಾರನ್ನು ಮುಂದುವರಿಸದೆ ಬಿಟ್ಟರು. ನಮ್ಮ ಮಗಳು ಈಜುವುದನ್ನೇ ಬಿಟ್ಟಳು. ಗೆದ್ದೆವು ಎಂದು ನಿಮಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಬರೆದದ್ದಕ್ಕೆ ಅವಳು ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕ, ಮೂರು ವಿಚಾರಣೆಗಳಲ್ಲಿ ವಿದ್ಯಾರ್ಥಿಗಳ ಸಲಹೆಗಾರ

ನೀವು ಹೇಳಿದ ಮೂರು ಸಂಗತಿಗಳನ್ನು ಒಂದೇ ಪತ್ರದಲ್ಲಿ ಕಲಸಬೇಡಿ. ಅವುಗಳ ದಾರಿ ಬೇರೆ ಬೇರೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಪಕ್ಕೆಲುಬಿನ ವಿಷಯ. ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ, ಗಾಯಗೊಂಡ ಆಟಗಾರರು ಯಾವಾಗ ಮರಳಬೇಕು ಎಂಬುದು ತಂಡದ ವೈದ್ಯರು ಮತ್ತು ಅಥ್ಲೆಟಿಕ್ ಟ್ರೇನರ್‌ಗೆ ಸೇರಿದ ತೀರ್ಮಾನ, ಕೋಚ್ ಅದನ್ನು ಪ್ರಶ್ನಿಸುವಂತಿಲ್ಲ. ಇದನ್ನು ನೋಡಿಕೊಳ್ಳಲು ಪ್ರತಿ ಕಾಲೇಜೂ ಒಬ್ಬ ಆರೋಗ್ಯ ಸೇವಾ ಆಡಳಿತಾಧಿಕಾರಿಯನ್ನು ನೇಮಿಸಿರಬೇಕು. ಟ್ರೇನರ್ ಬರೆದುಕೊಟ್ಟ ಚೀಟಿ ಮತ್ತು ದೋಣಿ ಹತ್ತಿಸಿದ ದಿನಾಂಕ, ಇವೆರಡೇ ಸಾಕು. ಇದನ್ನು ಹಗುರವಾಗಿ ಕಾಣಬಾರದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡನ್ ಮೆಕ್‌ನೇರ್ 2018ರ ಮೇ 29ರಂದು ತಾಲೀಮಿನಲ್ಲಿ ಬಿಸಿಲಾಘಾತಕ್ಕೆ ತುತ್ತಾಗಿ ಜೂನ್ 13ರಂದು ತೀರಿಕೊಂಡರು. ತಂಡದಲ್ಲಿದ್ದ ಹೆದರಿಕೆಯ ವಾತಾವರಣದ ಸುದ್ದಿ ಪತ್ರಕರ್ತರ ಮೂಲಕ ಹೊರಬಿದ್ದದ್ದು ಆಗಸ್ಟ್‌ನಲ್ಲಿ, ಹುಡುಗ ಹೋದ ಎರಡು ತಿಂಗಳ ಮೇಲೆ. ಅಕ್ಟೋಬರ್ 30ರಂದು ಆಡಳಿತ ಮಂಡಳಿ ಮುಖ್ಯ ಕೋಚ್‌ರನ್ನು ಉಳಿಸಿಕೊಳ್ಳಲು ತೀರ್ಮಾನಿಸಿತು. ವಿದ್ಯಾರ್ಥಿಗಳೂ ಜನರೂ ಸಿಡಿದೆದ್ದ ಮೇಲೆ ಮರುದಿನವೇ ಅಧ್ಯಕ್ಷರು ಅವರನ್ನು ವಜಾ ಮಾಡಬೇಕಾಯಿತು.

ರಾತ್ರಿಯ ಸಂದೇಶಗಳು ನೇರವಾಗಿ ಟೈಟಲ್ ನೈನ್ ವ್ಯಾಪ್ತಿಗೆ ಬರುತ್ತವೆ. ಅದು ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಕಾನೂನು. ಸಹಾಯಕ ಕೋಚ್‌ಗೆ ಹೇಳಿದ್ದು ಏಕೆ ಸಾಲದು ಎಂಬುದನ್ನು ದಯವಿಟ್ಟು ಎರಡು ಸಲ ಓದಿ. 2024ರ ಹೊಸ ನಿಯಮಾವಳಿಯನ್ನು ಕೆಂಟಕಿಯ ಫೆಡರಲ್ ನ್ಯಾಯಾಲಯ 2025ರ ಜನವರಿಯಲ್ಲಿ ರದ್ದುಪಡಿಸಿದ ಕಾರಣ, 2020ರ ನಿಯಮಗಳೇ ಮತ್ತೆ ಜಾರಿಗೆ ಬಂದಿವೆ. ಅವುಗಳ ಪ್ರಕಾರ, ಟೈಟಲ್ ನೈನ್ ಸಂಯೋಜಕರಿಗೆ ಅಥವಾ ಕ್ರಮ ಕೈಗೊಳ್ಳುವ ಅಧಿಕಾರವುಳ್ಳವರಿಗೆ ತಿಳಿದಾಗ ಮಾತ್ರ ಕಾಲೇಜಿಗೆ ವಿಷಯ 'ತಿಳಿದಿತ್ತು' ಎಂದಾಗುತ್ತದೆ. ಸಹಾಯಕ ಕೋಚ್ ವರದಿ ಮಾಡಲೇಬೇಕೆಂದು ಬಹಳಷ್ಟು ಕಾಲೇಜುಗಳ ಸ್ವಂತ ನಿಯಮ ಹೇಳಿದರೂ, ಅವರು ಮಾಡದಿದ್ದರೆ ಕಾಲೇಜು ಕೈತೊಳೆದುಕೊಳ್ಳಲು ಅವಕಾಶ ಉಳಿಯುತ್ತದೆ. ವರದಿಯನ್ನು ಯಾರು ಬೇಕಾದರೂ ಕೊಡಬಹುದು, ನೀವೂ ಕೊಡಬಹುದು. ಆದರೆ ವಿಚಾರಣೆಯನ್ನು ಆರಂಭಿಸುವ ವಿಧಿವತ್ತಾದ ದೂರಿಗೆ ತೊಂದರೆಗೆ ಒಳಗಾದವರ ಅಥವಾ ಸಂಯೋಜಕರ ಸಹಿ ಬೇಕು. ಸಂದೇಶ ಬರುತ್ತಿರುವುದು ಜೊತೆಗಾತಿಗೆ. ಅವಳಿಗೆ ತಿಳಿಸದೆ ಅವಳ ಹೆಸರು ಬರೆಯಬೇಡಿ. ದೂರಿಗೆ ಸಹಿ ಹಾಕದೆಯೂ ಅವಳು ರಕ್ಷಣಾ ವ್ಯವಸ್ಥೆ ಕೇಳಬಹುದು, ಉದಾಹರಣೆಗೆ ಕೋಚ್ ಅವಳನ್ನು ಒಂಟಿಯಾಗಿ ಸಂಪರ್ಕಿಸಬಾರದೆಂಬ ಲಿಖಿತ ಆದೇಶ. ಮುಂದೆ ವಿಚಾರಣೆ ನಡೆದರೆ ಎದುರು ಕಡೆಯ ಸಲಹೆಗಾರರು ಪಾಟೀಸವಾಲು ಮಾಡುತ್ತಾರೆ. ನಿಮ್ಮ ಕಡೆಯ ಸಲಹೆಗಾರರನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಬೈಗುಳವೇ ಎಲ್ಲಕ್ಕಿಂತ ಕಷ್ಟದ್ದು. ಲಿಂಗ, ಜನಾಂಗ, ಧರ್ಮ ಇಂಥ ಯಾವುದನ್ನೂ ಮುಟ್ಟದೆ ಎಲ್ಲರನ್ನೂ ಸಮನಾಗಿ ಹಿಂಸಿಸುವ ಕೋಚ್ ಟೈಟಲ್ ನೈನ್ ಕೈಗೆ ಸಿಗುವುದಿಲ್ಲ. ಆ ದೂರು ಸುತ್ತಿ ಬಳಸಿ ಅಥ್ಲೆಟಿಕ್ ವಿಭಾಗಕ್ಕೇ ಬರುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಮೈಕ್ ರೈಸ್ ಆಟಗಾರರನ್ನು ತಳ್ಳುವ, ಚೆಂಡೆಸೆದು ಹೊಡೆಯುವ, ಹೊಲಸು ಮಾತಾಡುವ ವಿಡಿಯೊವನ್ನು ಅಥ್ಲೆಟಿಕ್ ಡೈರೆಕ್ಟರ್ 2012ರಲ್ಲೇ ನೋಡಿದ್ದರು. ಆಗ ಆದ ಶಿಕ್ಷೆ ದಂಡ ಮತ್ತು ಮೂರು ಪಂದ್ಯದ ಅಮಾನತು. 2013ರ ಏಪ್ರಿಲ್‌ನಲ್ಲಿ ಅದೇ ವಿಡಿಯೊ ಟಿವಿಯಲ್ಲಿ ಬಂದ ಮರುದಿನ ಕೋಚ್ ವಜಾ ಆದರು, ಆಮೇಲೆ ಡೈರೆಕ್ಟರ್ ಕೂಡ ಹೋದರು. ಹಾಗಾಗಿ ಈ ಭಾಗವನ್ನು ಫ್ಯಾಕಲ್ಟಿ ಅಥ್ಲೆಟಿಕ್ಸ್ ಪ್ರತಿನಿಧಿಗೂ ಬರೆಯಿರಿ. ಎನ್‌ಸಿಎಎ ಸದಸ್ಯ ಕಾಲೇಜುಗಳಲ್ಲೆಲ್ಲ ಈ ಹುದ್ದೆ ಇರುತ್ತದೆ. ಅದರಲ್ಲಿರುವವರು ಅಧ್ಯಾಪಕರು, ಕೋಚ್‌ಗಳ ಕೈಕೆಳಗಿನವರಲ್ಲ.

ತನಿಖೆ ಆರಂಭವಾದರೆ, ಯಾರ ಅಭಿಪ್ರಾಯ ಕೇಳುತ್ತೀರಿ, ಅವರಿಗೂ ಕೋಚ್‌ಗೂ ಏನು ಸಂಬಂಧ ಎಂದು ಲಿಖಿತವಾಗಿ ಕೇಳಿ. ಮಿಷಿಗನ್ ಸ್ಟೇಟ್‌ನಲ್ಲಿ 2014ರಲ್ಲಿ ತಂಡದ ವೈದ್ಯ ಲ್ಯಾರಿ ನಾಸರ್ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬಂದಾಗ, ತನಿಖೆ ನಡೆಸಿದವರು ಅಭಿಪ್ರಾಯ ಕೇಳಿದ್ದು ಅದೇ ವಿಶ್ವವಿದ್ಯಾಲಯದ, ಅವನನ್ನು ಬಲ್ಲ ತಜ್ಞರನ್ನು. ಅದು ಚಿಕಿತ್ಸೆಯೇ ಎಂದು ಅವರು ಹೇಳಿದರು, ಕಡತ ಮುಚ್ಚಿತು. 2016ರ ಆಗಸ್ಟ್ ಕೊನೆಯವರೆಗೆ ಅವನು ರೋಗಿಗಳನ್ನು ನೋಡುತ್ತಲೇ ಇದ್ದ; ಸೆಪ್ಟೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಪತ್ರಿಕೆ ಬರೆದ ಮೇಲೆ ವಿಷಯ ಎಲ್ಲರಿಗೂ ತಿಳಿಯಿತು. 2018ರಲ್ಲಿ ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಎರಡು ವರ್ಷಗಳಲ್ಲಿ ಅವನ ಬಳಿ ಹೋದ ಹುಡುಗಿಯರನ್ನು ನೆನೆದರೆ ಇಂದಿಗೂ ನನ್ನ ಕರುಳು ಕಿವುಚುತ್ತದೆ.

ಸ್ಕಾಲರ್‌ಷಿಪ್ ಬಗ್ಗೆ: ಮುಂದಿನ ವರ್ಷಕ್ಕೆ ಕೊಡುವುದಿಲ್ಲವೆಂದರೆ ಅದನ್ನು ಜುಲೈ 1ರೊಳಗೆ ಬರಹದಲ್ಲಿ ತಿಳಿಸಿ, ಮೇಲ್ಮನವಿಗೆ ಅವಕಾಶ ಕೊಡಬೇಕು, ಆ ಮೇಲ್ಮನವಿಯನ್ನು ಅಥ್ಲೆಟಿಕ್ ವಿಭಾಗ ತಾನೇ ಕೇಳುವಂತಿಲ್ಲ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಟೈಟಲ್ ನೈನ್ ಅಡಿಯಲ್ಲಿ ಬೇರೆಯದೇ ಉಲ್ಲಂಘನೆ. ದೂರಿಗೆ ಮುಂಚಿನ ಅವಳ ಸಮಯಗಳು, ಯಾವ ದೋಣಿಯಲ್ಲಿ ಯಾವ ಸ್ಥಾನ ಎಂಬುದನ್ನೆಲ್ಲ ಈಗಲೇ ಬರೆದಿಡಿ. ಆಮೇಲೆ ಆದ ಬದಲಾವಣೆಯನ್ನು ತೋರಿಸಲು ಬೇರೆ ದಾರಿಯಿಲ್ಲ.

ಮಾಜಿ ಸಹಾಯಕ ಕೋಚ್, ಪೆನ್ಸಿಲ್ವೇನಿಯಾ

ಆ ಸಹಾಯಕ ಕೋಚ್ ಸುಮ್ಮನಿರುವುದನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಕಾರಣ ಗೊತ್ತು. ನಮ್ಮ ಕರಾರು ವರ್ಷದ್ದು, ಮುಖ್ಯ ಕೋಚ್ ಹೋದರೆ ನಾವೂ ಹೋಗುತ್ತೇವೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಫುಟ್‌ಬಾಲ್ ತಂಡದ ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಸ್ನಾನದ ಕೋಣೆಯಲ್ಲಿ ಹುಡುಗನ ಮೇಲೆ ದೌರ್ಜನ್ಯ ನಡೆಸುತ್ತಿದ್ದುದನ್ನು ಕಂಡ, ತಂಡದ ಕಿರಿಯ ಸಹಾಯಕ ಮೈಕ್ ಮೆಕ್‌ಕ್ವೇರಿ ಮರುದಿನವೇ ಮುಖ್ಯ ಕೋಚ್‌ಗೆ ಹೇಳಿದರು. ಮುಖ್ಯ ಕೋಚ್ ಅಥ್ಲೆಟಿಕ್ ಡೈರೆಕ್ಟರ್‌ಗೆ ಹೇಳಿದರು. ಪೊಲೀಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಬಂಧನವಾದದ್ದು 2011ರಲ್ಲಿ. ಒಬ್ಬೊಬ್ಬರೂ ಮೇಲಿನವರಿಗೆ ದಾಟಿಸಿ ತಮ್ಮ ಕರ್ತವ್ಯ ಮುಗಿಯಿತೆಂದುಕೊಂಡರು. ನಿಮ್ಮ ಮಗಳು ಸಹಾಯಕ ಕೋಚ್‌ಗೆ ಒಂದು ಸಣ್ಣ ಇಮೇಲ್ ಹಾಕಲಿ: "ಇಂಥ ದಿನ ನಿಮಗೆ ಈ ವಿಷಯ ಹೇಳಿದ್ದೆ." ಅಷ್ಟೇ ಸಾಕು, ಆಗ ಅದು ದಾಖಲೆಯಾಗುತ್ತದೆ.

ಇನ್ನೊಂದು ಮಾತು, ನೋವಾದರೂ ಹೇಳುತ್ತೇನೆ. ಕಂಡದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 2023ರ ಜುಲೈ 7ರಂದು ಫುಟ್‌ಬಾಲ್ ಕೋಚ್ ಪ್ಯಾಟ್ ಫಿಟ್ಜ್‌ಜೆರಾಲ್ಡ್ ಅವರಿಗೆ ಎರಡು ವಾರದ ಅಮಾನತು ಕೊಟ್ಟಿತು. ಮರುದಿನ ವಿದ್ಯಾರ್ಥಿ ಪತ್ರಿಕೆ ತಂಡದ ಹೇಜಿಂಗ್, ಅಂದರೆ ನಮ್ಮಲ್ಲಿನ ರ‍್ಯಾಗಿಂಗ್‌ನಂಥದ್ದರ ಬಗ್ಗೆ ಬರೆಯಿತು. 10ರಂದು ವಿಶ್ವವಿದ್ಯಾಲಯ ಅವರನ್ನು ವಜಾ ಮಾಡಿತು. ಅವರು ಮೊಕದ್ದಮೆ ಹೂಡಿದರು. 2025ರ ಆಗಸ್ಟ್‌ನಲ್ಲಿ ರಾಜಿಯಾದಾಗ, ಹೇಜಿಂಗ್ ನಡೆದಿತ್ತು, ಆದರೆ ಆಟಗಾರರು ಅದನ್ನು ಅವರಿಗೆ ತಿಳಿಸಿದ್ದರೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಿತು. ಅವಸರದ ವಿಚಾರಣೆ ದೂರು ಕೊಟ್ಟ ಹುಡುಗರಿಗೂ ನ್ಯಾಯ ಕೊಡುವುದಿಲ್ಲ. ಕದ್ದು ಧ್ವನಿಮುದ್ರಣ ಮಾಡುವುದಂತೂ ಬೇಡ. ಪೆನ್ಸಿಲ್ವೇನಿಯಾ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ಮುದ್ರಿಸುವುದೇ ಅಪರಾಧ.

ಮೈಸೂರಿನಿಂದ ಹೋಗಿ ಟೆನಿಸ್ ಆಡಿದವಳು

ನಿಮ್ಮ ಮಗಳು ಅಮೆರಿಕದ ಪ್ರಜೆಯಿರಬಹುದು. ನಾನು ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿದ್ದೆ, ಹಾಗೆ ಬಂದವರು ಬೇರೆ ಯಾರಾದರೂ ಓದುತ್ತಿದ್ದರೆ ಅವರಿಗೆಂದು ಬರೆಯುತ್ತಿದ್ದೇನೆ. ನನ್ನ ಕೋಚ್ ಮಾತು ಮಾತಿಗೆ "ನಾಳೆಯೇ ನಿನ್ನನ್ನು ಮನೆಗೆ ಕಳಿಸುತ್ತೇನೆ" ಎನ್ನುತ್ತಿದ್ದರು, ನಾನು ಎರಡು ವರ್ಷ ಅದನ್ನು ನಂಬಿದ್ದೆ. ವೀಸಾ ಇರುವುದು ಓದಿಗೆ, ತಂಡಕ್ಕಲ್ಲ. ಪೂರ್ಣಾವಧಿ ಓದು ಮತ್ತು ಶುಲ್ಕಕ್ಕೆ ಹಣದ ದಾರಿ ಇರುವವರೆಗೆ ಯಾವ ಕೋಚ್ ಕೂಡ ನಮ್ಮನ್ನು ದೇಶದಿಂದ ಕಳಿಸಲಾರ. ಆದರೆ ಮನಸ್ಸು ಕೆಟ್ಟು ಒಂದು ಕೋರ್ಸ್ ಬಿಡುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಲೇಬೇಕು. ವೈದ್ಯರ ಪತ್ರವಿದ್ದರೆ ಕಡಿಮೆ ಕೋರ್ಸ್‌ಗೆ ಅವರು ಅನುಮತಿ ಕೊಡುತ್ತಾರೆ, ಹೇಳದೆ ಬಿಟ್ಟರೆ ವೀಸಾ ಸ್ಥಿತಿ ಕೈತಪ್ಪುತ್ತದೆ. ನಾನು ಬೇರೆ ಕಾಲೇಜಿಗೆ ವರ್ಗವಾದೆ. ಅಲ್ಲಿಗೆ ಸೇರುವ ಮುಂಚೆ ಹೊಸ ಕೋಚ್ ಹೆಸರನ್ನು, ಕ್ರೀಡೆಯಲ್ಲಿನ ದೌರ್ಜನ್ಯದ ದೂರುಗಳನ್ನು ನೋಡುವ ಸೇಫ್‌ಸ್ಪೋರ್ಟ್ ಕೇಂದ್ರದ ಸಾರ್ವಜನಿಕ ಶಿಸ್ತುಕ್ರಮ ಪಟ್ಟಿಯಲ್ಲಿ ಹುಡುಕಿದೆ, ಆ ತಂಡ ಬಿಟ್ಟುಹೋದ ಇಬ್ಬರು ಹುಡುಗಿಯರೊಂದಿಗೂ ಮಾತನಾಡಿದೆ.

ಕೇಳಿದ ತಾಯಿ, ಹನ್ನೆರಡು ದಿನದ ನಂತರ

ನಾವು ಫೋನ್ ಮಾಡಲಿಲ್ಲ. ನಿಮ್ಮೆಲ್ಲರ ಮಾತುಗಳನ್ನು ಮಗಳಿಗೆ ಓದಿ ಹೇಳಿದೆ. ಎರಡು ದಿನ ಅವಳು ಏನೂ ಹೇಳಲಿಲ್ಲ. ಭಾನುವಾರ ರಾತ್ರಿ ತಾನೇ ಕರೆ ಮಾಡಿ, ಟ್ರೇನರ್ ಚೀಟಿಯ ವಿಷಯವನ್ನು ಮಾತ್ರ ಮೊದಲು ಕಳಿಸುತ್ತೇನೆ, ಅದು ನನ್ನದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ ಎಂದಳು. ಬುಧವಾರ ಉತ್ತರ ಬಂತು: ಪಕ್ಕೆಲುಬು ವಾಸಿಯಾಗುವವರೆಗೆ ಅವಳು ದೋಣಿ ಹತ್ತುವಂತಿಲ್ಲ, ಕೋಚ್‌ಗೂ ಇದನ್ನು ಬರಹದಲ್ಲಿ ತಿಳಿಸಲಾಗಿದೆ. ಜೊತೆಗಾತಿ ಶುಕ್ರವಾರ ಟೈಟಲ್ ನೈನ್ ಕಚೇರಿಗೆ ಹೋಗಿದ್ದಳು. ಒಳಗೆ ಮಾತು ಮುಗಿಯುವವರೆಗೆ ನಮ್ಮ ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳಂತೆ. ಜೊತೆಗಾತಿ ದೂರಿಗೆ ಸಹಿ ಹಾಕಿದಳೋ ಇಲ್ಲವೋ ನಾನು ಕೇಳಿಲ್ಲ.