1/2000 ದಾಟಿದ್ರ ಫೋಟೊದ ಮ್ಯಾಲಿನ ಭಾಗ ಕಪ್ಪ: ಶಟರ್ ಬದಲಿಸೂದೋ, ಬಾಡಿ ಮಾರೂದೋ?

ಕರಿಮಣ್ಣು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಲಗ್ನದ ಕೆಲಸಕ್ಕ ಬಳಸೂ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಡಿಎಸ್‌ಎಲ್‌ಆರ್ ಕ್ಯಾಮೆರಾ ಅದ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ತ್ರಾಸು ಹಿಂಗ ಅದ:

ಹೊರಗ ಬಿಸಲಾಗ ಶಟರ್ ಸ್ಪೀಡ್ (ಶಟರ್ ತೆರದು ಬೆಳಕ ಒಳಗ ಬಿಡೂ ಹೊತ್ತು) 1/2000 ಸೆಕೆಂಡ್ ದಾಟಿದ್ರ ಫೋಟೊದ ಮ್ಯಾಲಿನ ಕಾಲುಭಾಗ ಮಬ್ಬಾಗ್ತದ, 1/8000ಕ್ಕ ಹೋದ್ರ ಹೆಚ್ಚೂಕಡಿಮಿ ಕರ್ರಗ. 1/125, 1/200ಕ್ಕ ಏನೂ ಇಲ್ಲ. ಬರ್ಸ್ಟ್ (ಒಂದರ ಹಿಂದ ಒಂದು ಪಟಪಟ) ಹೊಡಿಯೂ ಮುಂದ ನಡುವ ಎರರ್ ತೋರಿಸಿ ನಿಲ್ತದ, ಬ್ಯಾಟರಿ ತಗದು ಹಾಕಿದ್ರ ಮತ್ತ ಚಾಲೂ. ಹಾಲ್‌ನಾಗ ಫ್ಲ್ಯಾಶ್ ಹಾಕಿದಾಗ ಒಮ್ಮೊಮ್ಮೆ ಫೋಟೊದ ಕೆಳಗ ಕಪ್ಪ ಪಟ್ಟಿ ಬರ್ತದ.

ರಿಪೇರಿಯವರು ಒಬ್ಬರು ಶಟರ್ ಯೂನಿಟ್ ಪೂರಾ ಬದಲಿ ಮಾಡ್ಬೇಕು, 13,000 ಮತ್ತ ಮ್ಯಾಲ 18% ಜಿಎಸ್‌ಟಿ ಅಂತಾರ. ಅಂದ್ರ 15,340. ಇನ್ನೊಬ್ಬರು ಶಟರಿನ ಬ್ಲೇಡ್ (ತೆಳ್ಳನ ಪಟ್ಟಿ) ಕ್ಲೀನ್ ಮಾಡಿ ಕೊಡ್ತೀನಿ, 2,500 ಸಾಕು ಅಂತಾರ. ಇದೇ ಮಾಡೆಲ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಸೆಕೆಂಡ್ ಹ್ಯಾಂಡ್ 35,000ದ ಆಸುಪಾಸು ಸಿಗ್ತದ. ಆಷಾಢ ಮುಗಿಯೂದ್ರಾಗ ಏನರೆ ಒಂದು ತೀರ್ಮಾನ ಆಗ್ಬೇಕು. ಕೌಂಟ್ (ಶಟರ್ ಇಲ್ಲೀತನಕ ಒಟ್ಟು ಎಷ್ಟು ಸಲ ಓಡೇದ) ಎಷ್ಟಾಗೇದ ಗೊತ್ತಿಲ್ಲ, ಅದನ್ನ ನೋಡೂದು ಹೆಂಗ?

ಅರ್ಧಪರದೆ (ಬೆಳಗಾವಿ)

ಮೂರೂ ತ್ರಾಸನ್ನ ಶಟರಿನ ತಲೆಗೆ ಕಟ್ಟಬೇಡ್ರಿ. ಇವು ಮೂರು ಬೇರೆ ಬೇರೆ ಇರಬಹುದು, ಖರ್ಚೂ ಬೇರೆ ಬೇರೆ.

ಫ್ಲ್ಯಾಶ್‌ದು ಮೊದಲು ಮುಗಿಸೋಣ. ಕೆಳಗೆ ಬರುವ ಕಪ್ಪು ಪಟ್ಟಿ ಬಹುತೇಕ ಸಿಂಕ್ ಸ್ಪೀಡ್ (ಫ್ಲ್ಯಾಶಿಗೆ ಹೊಂದುವ ಅತಿ ವೇಗದ ಶಟರ್ ಸ್ಪೀಡ್) ದಾಟಿದ್ದರಿಂದ. ಕ್ಯಾನನ್ 6ಡಿಗೆ ಸಿಂಕ್ 1/180, 5ಡಿ ಮಾರ್ಕ್ 4 ಮತ್ತು ನಿಕಾನ್ ಡಿ750ಕ್ಕೆ 1/200, ಡಿ850ಕ್ಕೆ 1/250. ಹೊರಗಿನ ಟ್ರಿಗರ್ (ಫ್ಲ್ಯಾಶ್ ಹೊಡೆಸುವ ಸಾಧನ) ಹಾಕಿದರೆ ಸಿಗ್ನಲ್ ಹೋಗುವಷ್ಟರಲ್ಲಿ ಸ್ವಲ್ಪ ತಡ ಆಗ್ತದೆ, ಹಾಗಾಗಿ ಪುಸ್ತಕದಲ್ಲಿ 1/200 ಅಂತಿದ್ದರೂ ಕೆಳಗೆ ಸಣ್ಣ ಗೆರೆ ಬೀಳಬಹುದು. 1/160ಕ್ಕೆ ಇಳಿಸಿ ನೋಡ್ರಿ. ಗೆರೆ ಹೋದರೆ ಶಟರಿಗೂ ಅದಕ್ಕೂ ಸಂಬಂಧ ಇಲ್ಲ, ಒಂದು ರೂಪಾಯಿ ಖರ್ಚಿಲ್ಲ. ಕಲ್ಯಾಣ ಮಂಟಪದ ಎಲ್‌ಇಡಿ ಲೈಟಿಗೆ ಅಡ್ಡಡ್ಡ ಪಟ್ಟಿ ಬಂದರೆ ಅದೂ ಶಟರಿನದಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿನುಗ್ತದೆ, 1/100 ಇಲ್ಲವೇ 1/50ಕ್ಕೆ ಬಂದರೆ ಹೋಗ್ತದೆ.

ಇನ್ನು ಮೇಲಿನ ಮಬ್ಬು. ಇದು ಮಾತ್ರ ಶಟರಿನದೇ ಅಂತ ಕಾಣ್ತದೆ. ಶಟರಿನಲ್ಲಿ ಎರಡು ಪರದೆ. ಮೊದಲನೇದು ತೆರೀತದೆ, ಎರಡನೇದು ಅದರ ಬೆನ್ನು ಹತ್ತಿ ಮುಚ್ಚತದೆ. 24 ಮಿ.ಮೀ. ಎತ್ತರದ ಸೆನ್ಸರ್ (ಫೋಟೊ ಹಿಡಿಯುವ ಚಿಪ್) ದಾಟಲಿಕ್ಕೆ ಒಂದು ಪರದೆಗೆ ಸುಮಾರು 4 ಮಿಲಿಸೆಕೆಂಡ್ ಅಂತ ಹಿಡೀರಿ, ಅಂದರೆ ಮಿಲಿಸೆಕೆಂಡಿಗೆ 6 ಮಿ.ಮೀ. 1/4000ಕ್ಕೆ ಎರಡು ಪರದೆ ನಡುವಿನ ಸಂದಿ ಬರೀ 1.5 ಮಿ.ಮೀ., 1/8000ಕ್ಕೆ 0.75. ಮೊದಲ ಪರದೆ ಸವೆದು ಓಟದ ಕೊನೆಗೆ 0.1 ಮಿಲಿಸೆಕೆಂಡ್ ಹಿಂದೆ ಬಿತ್ತು ಅನ್ನೋಣ. 1/4000ರಲ್ಲಿ ಆ ಜಾಗಕ್ಕೆ 40% ಬೆಳಕು ಖೋತಾ. 1/125ರಲ್ಲಿ ಅದೇ ತಡ 1.25%, ಕಣ್ಣಿಗೆ ಕಾಣೋದೇ ಇಲ್ಲ. ನಿಧಾನ ಸ್ಪೀಡಿನಲ್ಲಿ ಎಲ್ಲಾ ಸರಿ ಅನಿಸೋದು ಇದಕ್ಕೇ.

ಮತ್ತೆ ಮೇಲೇ ಯಾಕೆ? ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಪರದೆ ಮೇಲಿಂದ ಕೆಳಗೆ ಓಡ್ತದೆ, ಸೆನ್ಸರ್ ಮೇಲಿನ ಚಿತ್ರ ತಲೆಕೆಳಗಾಗಿರ್ತದೆ. ಓಟದ ಕೊನೆ ಅಂದರೆ ಫೋಟೊದ ಮೇಲ್ಭಾಗ. ಅಲ್ಲಿ ಕಪ್ಪಾದರೆ ಮೊದಲ ಪರದೆ ನಿಧಾನ, ಬೆಳ್ಳಗಾದರೆ ಎರಡನೇದು ನಿಧಾನ.

ಎರರ್ ನಂಬರ್ ಏನು ಬರೀರಿ. ಕ್ಯಾನನ್‌ದಲ್ಲಿ 30 ಅಂದರೆ ಶಟರ್, 20 ಅಂದರೆ ಯಾವುದೋ ಯಾಂತ್ರಿಕ ಭಾಗ. ಆದರೂ ನಂಬರ್ ಒಂದನ್ನೇ ನಂಬಿ ದುಡ್ಡು ಕಟ್ಟಬಾರದು.

ಘಟಪ್ರಭಾ (ಬಾಗಲಕೋಟೆ)

ಮ್ಯಾಲಿನವರು ಹೇಳಿದ್ದಕ್ಕ ಟೆಸ್ಟ್ ಮಾಡೂದು ಹೆಂಗ ಅಂತ ನಾ ಹೇಳ್ತೀನಿ.

ಕಿಟಕಿ ಬೆಳಕ ಬೀಳೂ ಒಳಗಿನ ಬಿಳೇ ಗ್ವಾಡಿ ಹಿಡೀರಿ. ಲೈಟ್ ಎಲ್ಲಾ ಬಂದ್. ಮ್ಯಾನುವಲ್ ಮೋಡ್, ಫೋಕಸ್ ಔಟ್ ಮಾಡ್ರಿ. ಅಪರ್ಚರ್ (ಲೆನ್ಸಿನ ಕಿಂಡಿ) ಪೂರಾ ತೆರದಿರಬೇಕು, ಆಗ ಲೆನ್ಸಿನ ಒಳಗಿನ ಬ್ಲೇಡ್ ಅಲುಗಾಡೂದಿಲ್ಲ, ಅದರ ತಪ್ಪು ಶಟರಿನ ಮ್ಯಾಲ ಬರೂದಿಲ್ಲ. 1/125ಕ್ಕ ಐಎಸ್‌ಒ (ಬೆಳಕ ಹಿಡಿಯೂ ಸೂಕ್ಷ್ಮತೆ) 100, 1/1000ಕ್ಕ 800, 1/4000ಕ್ಕ 3200. ಮೂರರಾಗೂ ಬೆಳಕ ಒಂದೇ ಆಗಬೇಕು. ಒಂದೊಂದು ಸ್ಪೀಡಿಗೂ ಐದೈದು ಫೋಟೊ. ಆಮ್ಯಾಲ ಆಟೊ ರೊಟೇಟ್ ಬಂದ್ ಮಾಡಿ, ಕ್ಯಾಮೆರಾ ತೆಳಗ ಮ್ಯಾಲ ಮಾಡಿ ಹಿಡದು ಅದೇ ಗ್ವಾಡಿ ಹೊಡೀರಿ. ಗ್ವಾಡಿ ಬೆಳಕಿನ ಫರಕ್ ಇದ್ರ ಮಬ್ಬು ಫೋಟೊದ ಆ ಕಡೆ ಹೋಗ್ತೈತಿ. ಶಟರ್‌ದಾಗಿದ್ರ ಇದ್ದಲ್ಲೇ ಇರ್ತೈತಿ.

ಮಬ್ಬು ಹೆಂಗ ಐತಿ ಅನ್ನೂದೂ ನೋಡ್ರಿ, ಇದರಾಗ ಭಾಳ ತಿಳೀತೈತಿ. ಕೆಳಗಿಂದ ಮ್ಯಾಲಕ್ಕ ಹಂತಹಂತವಾಗಿ ಕಪ್ಪಾಗಿದ್ರ ಪರದೆ ಓಟದಾಗ ಎಳೆದಾಡಾಕತ್ತೈತಿ, ಅಂದ್ರ ಸ್ಪ್ರಿಂಗ್ ಸೋತೈತಿ ಇಲ್ಲಾ ಬ್ಲೇಡ್ ತಿಕ್ಕಾಕತ್ತೈತಿ. ಇಡೀ ಫೋಟೊ ಒಂದೇ ಸಮ ಕಪ್ಪಾಗಿ, ಅದೂ ಒಮ್ಮೆ ಹಂಗ ಒಮ್ಮೆ ಹಿಂಗ ಆಗೂದಿದ್ರ ಪರದೆ ಹಿಡಿದಿಡೂ ಮ್ಯಾಗ್ನೆಟ್ ಮ್ಯಾಲ ಜಿಡ್ಡು ಕುಂತು ಬಿಡೂದು ತಡ ಆಗೂದು. ಕತ್ತರಿಸಿದಂಗ ನೆಟ್ಟನೆ ಅಂಚಿನ ಕಪ್ಪು ಬಂದ್ರ ಬ್ಲೇಡ್ ಕಳಚೈತಿ ಅಥವಾ ನಡುವ ನಿಂತೈತಿ. ಅಂಥದ್ರಾಗ ಒಂದು ಫೋಟೊನೂ ಹೊಡೀಬ್ಯಾಡ್ರಿ, ಕಳಚಿದ ಬ್ಲೇಡ್ ಸೆನ್ಸರಿಗೆ ಗೀರಿದ್ರ ಆಟ ಮುಗೀತು.

ಒಳಗ ನೋಡ್ಬೇಕಂದ್ರ ಬ್ಯಾಟರಿ ಪೂರಾ ತುಂಬಿ, ಮೆನುವಿನ ಮ್ಯಾನುವಲ್ ಸೆನ್ಸರ್ ಕ್ಲೀನಿಂಗ್ ಹಾಕ್ರಿ. ಮಿರರ್ ಎದ್ದು ಶಟರ್ ತೆರೀತೈತಿ. ಟಾರ್ಚ್ ಹಾಕಿ ನೋಡೂದಷ್ಟ. ಬೆರಳು, ಇಯರ್‌ಬಡ್, ಕ್ಯಾನ್ ಗಾಳಿ ಏನೂ ಬ್ಯಾಡ. ಬ್ಲೇಡ್ ಕಾಗದದಷ್ಟ ತೆಳ್ಳಗ ಇರ್ತಾವ, ಒಂದ್ಸಲ ಬಾಗಿದ್ರ ನೆಟ್ಟಗ ಆಗೂದಿಲ್ಲ. ಚಿಂಚಲಿ ಮಾಯಕ್ಕನ ಜಾತ್ರಿ, ಸವದತ್ತಿ ಎಲ್ಲಮ್ಮನ ಗುಡ್ಡ ಇಂಥಲ್ಲಿ ಶೂಟಿಂಗ್ ಮಾಡಿದ ಕ್ಯಾಮೆರಾ ಆದ್ರ ಮಿರರ್ ಬಾಕ್ಸಿನ ಮೂಲ್ಯಾಗ ಹಳದಿ ಪುಡಿ ಕಾಣ್ತೈತಿ ನೋಡ್ರಿ. ಭಂಡಾರದ ಪುಡಿ ನಮ್ಮ ಎರಿ ಮಣ್ಣಿನ ಧೂಳಕ್ಕಿಂತ ಕೆಟ್ಟದ್ದು. ಸಣ್ಣಗ ಇರ್ತೈತಿ, ಎಣ್ಣಿ ಇದ್ದಲ್ಲಿ ಹೋಗಿ ಮೆತ್ತತೈತಿ. ಆ ಜಾತ್ರ್ಯಾಗ ಲೆನ್ಸ್ ಬಿಚ್ಚೂದು ಅಂದ್ರ ಶಟರಿಗೆ ಅರಿಷಿಣ ಶಾಸ್ತ್ರ ಮಾಡಿದಂಗ.

ಕೌಂಟ್: ನಿಕಾನ್ ಆದ್ರ ಕ್ಯಾಮೆರಾದಿಂದ ನೇರ ತಗದ ಜೆಪೆಗ್ ಫೈಲಿನಾಗ ಇರ್ತೈತಿ, ಎಕ್ಸಿಫ್‌ಟೂಲ್ ಅನ್ನೂ ಸಾಫ್ಟ್‌ವೇರ್ ತೋರಸ್ತೈತಿ. ಸೋನಿಯ ಭಾಳಷ್ಟು ಮಾಡೆಲಿಗೂ ಹಂಗ. ಕ್ಯಾನನ್‌ದಾಗ ಹೆಚ್ಚಿನ ಮಾಡೆಲ್ ಫೋಟೊದಾಗ ಬರಿಯೂದಿಲ್ಲ, ಯುಎಸ್‌ಬಿ ಹಚ್ಚಿ ಸಾಫ್ಟ್‌ವೇರಿನಾಗ ನೋಡ್ಬೇಕು. ವಾಟ್ಸಾಪಿನಾಗ ಬಂದ ಫೋಟೊ ಉಪಯೋಗಿಲ್ಲ, ಅದು ಮಾಹಿತಿ ಎಲ್ಲಾ ಅಳಸಿ ಕಳಸ್ತೈತಿ. ಕಂಪನಿ ಹೇಳಿದ ಆಯುಷ್ಯ 6ಡಿಗೆ 1,00,000, 5ಡಿ ಮಾರ್ಕ್ 3, ಮಾರ್ಕ್ 4, ಡಿ750ಕ್ಕ 1,50,000, ಡಿ850 ಮತ್ತ ಸೋನಿ ಎ7 3ಕ್ಕ 2,00,000. ಇದು ಗ್ಯಾರಂಟಿ ಅಲ್ಲ. ಮುಂಚೇನೂ ಹೋಗಬಹುದು, ದುಪ್ಪಟ್ಟೂ ಬರಬಹುದು.

ಕರಿಮಣ್ಣು (ವಿಜಯಪುರ)

ಹೇಳಿದಂಗ ಮಾಡಿ ನೋಡೇನ್ರಿ. 1/160ಕ್ಕ ಫ್ಲ್ಯಾಶಿನ ಪಟ್ಟಿ ಪೂರಾ ಹೋತು. 1/125, 1/1000 ಸಪಾಟ್ ಅವ. 1/4000ಕ್ಕ ಮ್ಯಾಲಕ್ಕ ಹೋದಂಗ ಹಂತಹಂತವಾಗಿ ಕಪ್ಪಾಗ್ತದ, ಕ್ಯಾಮೆರಾ ತಿರುವಿ ಹಿಡದ್ರೂ ಇದ್ದಲ್ಲೇ. ಲೈವ್ ವ್ಯೂ (ಹಿಂದಿನ ಸ್ಕ್ರೀನಿನಾಗ ನೇರ ಕಾಣೂ ಚಿತ್ರ) ಚೊಲೋ ಬರ್ತದ. ಬ್ಲೇಡ್ ನೆಟ್ಟಗ ಕಾಣ್ತಾವ, ಪುಡಿ ಇಲ್ಲ. ಕೌಂಟ್ 1,83,000, ಕಂಪನಿ ಲೆಕ್ಕ 1,50,000. ಎರರ್ ಮಾತ್ರ ಕಂಪೆಟಿಬಲ್ (ಬ್ಯಾರೆ ಕಂಪನಿಯ) ಬ್ಯಾಟರಿ ಹಾಕಿದಾಗಷ್ಟ, ಒರಿಜಿನಲ್ ಹಾಕಿದ್ರ ಬರ್ಸ್ಟಿಗೂ ಬರ್ಲಿಲ್ಲ.

ತಿರುಪುಳಿ (ಬೆಳಗಾವಿ)

ಹಾಗಾದರೆ ಎರರ್ ಬ್ಯಾಟರಿಯದು. ಬರ್ಸ್ಟಿನಲ್ಲಿ ಮಿರರ್ ಎತ್ತುವ, ಶಟರ್ ಬಿಗಿಯುವ ಮೋಟಾರ್ ಒಮ್ಮೆಲೇ ಕರೆಂಟ್ ಎಳೀತದೆ. ಸೋತ ಬ್ಯಾಟರಿಯ ವೋಲ್ಟೇಜ್ ಆ ಕ್ಷಣಕ್ಕೆ ಕುಸಿದು ಮೋಟಾರ್ ಅರ್ಧಕ್ಕೆ ನಿಲ್ತದೆ. ಆ ಬ್ಯಾಟರಿ ತೆಗೆದು ಒಗೀರಿ. ಮುಂದೆ ಒರಿಜಿನಲ್‌ನಲ್ಲೂ ಎರರ್ ಬಂದರೆ ಶಟರ್ ಬಿಗಿಯುವ ಆ ಚಾರ್ಜ್ ಮೋಟಾರ್ ಸವೆದಿದೆ ಅಂತ ಅರ್ಥ. ಅದು ಬೇರೆ ಪಾರ್ಟ್, ಬೇರೆ ಬಿಲ್ಲು.

2,500ರ ಕ್ಲೀನಿಂಗ್ ಬೇಡ. ಅದು ಮ್ಯಾಗ್ನೆಟ್ ಜಿಡ್ಡಿಗೆ ಸ್ವಲ್ಪ ದಿನ ಕೆಲಸ ಮಾಡ್ತದೆ. ನಿಮ್ಮದು ಹಂತಹಂತದ ಮಬ್ಬು, ಕೌಂಟೂ ದಾಟಿದೆ, ಸೋತ ಸ್ಪ್ರಿಂಗನ್ನ ಒರೆಸಿ ಗಟ್ಟಿ ಮಾಡಲಿಕ್ಕೆ ಆಗೋದಿಲ್ಲ. ಯಾರಾದರೂ ಬ್ಲೇಡಿಗೆ ಎಣ್ಣೆ ಹಾಕ್ತೀನಿ ಅಂದರೆ ಕ್ಯಾಮೆರಾ ವಾಪಸ್ ಇಸ್ಕೊಂಡು ಬರ್ರಿ. ಶಟರ್ ಬ್ಲೇಡು ಒಣಗಿಯೇ ಓಡಬೇಕು. ಎಣ್ಣೆ ಸೆನ್ಸರಿಗೆ ಸಿಡೀತದೆ, ಮೇಲಿಂದ ಬ್ಲೇಡನ್ನ ಒಂದಕ್ಕೊಂದು ಅಂಟಿಸ್ತದೆ.

ಯೂನಿಟ್ ಬದಲಿಸುವಾಗ ಏನಾಗ್ತದೆ ಗೊತ್ತಿದ್ದರೆ 13,000 ಯಾಕೆ ಅಂತ ತಿಳೀತದೆ, ಏನು ಕೇಳಬೇಕು ಅಂತಲೂ ತಿಳೀತದೆ. ತಳದ ಕವರ್, ಹಿಂದಿನ ಕವರ್ ಬಿಚ್ಚಿ, ಮೇನ್ ಬೋರ್ಡಿನ ಫ್ಲೆಕ್ಸ್ ಕೇಬಲ್ ಒಂದೊಂದಾಗಿ ತೆಗೆದು, ಸೆನ್ಸರ್ ಹೊರಗೆ ತೆಗೆದ ಮೇಲೆಯೇ ಮಿರರ್ ಬಾಕ್ಸಿನ ಬೆನ್ನಿಗಿರುವ ಶಟರ್ ಕೈಗೆ ಸಿಗೋದು. ಕೆಲವು ಮಾಡೆಲಿನಲ್ಲಿ ವೈರ್ ಬೆಸುಗೆ ಬಿಡಿಸಬೇಕು. ಕೆಲಸ ಕೆಡೋದು ಹೆಚ್ಚಾಗಿ ಸೆನ್ಸರ್ ತೆಗೆಯುವಾಗ. ಅದರ ಸ್ಕ್ರೂ ಕೆಳಗೆ ತೆಳ್ಳನೆಯ ವಾಷರ್ ಇರ್ತವೆ, ಮೌಂಟಿನಿಂದ (ಲೆನ್ಸ್ ಕೂಡುವ ಬಾಯಿ) ಸೆನ್ಸರಿಗೆ ಇರಬೇಕಾದ ಅಂತರ ಹಿಡಿದಿಡೋದು ಅವೇ. ಕ್ಯಾನನ್ ಇಎಫ್‌ಗೆ 44 ಮಿ.ಮೀ., ನಿಕಾನ್ ಎಫ್‌ಗೆ 46.5. ಒಂದು ವಾಷರ್ ಅದಲುಬದಲಾದರೆ ಫೋಟೊದ ಎಡಗಡೆ ಶಾರ್ಪ್, ಬಲಗಡೆ ಮಬ್ಬು. ಗಿರಾಕಿಗೆ ಇದು ಗೊತ್ತಾಗೋದು ಮುಂದಿನ ಲಗ್ನದ ಗ್ರೂಪ್ ಫೋಟೊದಲ್ಲಿ.

ಹೊಸ ಯೂನಿಟ್ ಕೂಡಿಸಿದ ಮೇಲೆ ಶಟರ್ ವೇಗ ಅಳೆಯುವ ಟೆಸ್ಟರ್ ಹಚ್ಚಿ ಸ್ಪೀಡ್ ಹೊಂದಿಸಬೇಕು. ಇದನ್ನ ಬಿಟ್ಟರೆ 1/8000 ಮತ್ತೆ ಕಪ್ಪೇ. ಆದ್ದರಿಂದ ಹಾಕುವ ಮುಂಚೆ ಇಷ್ಟು ಕೇಳ್ರಿ: ಯೂನಿಟ್ ಹೊಸದೋ, ಗುಜರಿ ಬಾಡಿಯಿಂದ ಕಿತ್ತದ್ದೋ? ಕಿತ್ತದ್ದಾದರೆ ಅದರ ಕೌಂಟ್ ಎಷ್ಟು? ಸ್ಪೀಡ್ ಹೊಂದಿಸೋದು, ಸೆನ್ಸರ್ ಕ್ಲೀನ್, ಕೆಲಸದ ಕೂಲಿ ಎಲ್ಲಾ 13,000ದಲ್ಲೇ ಬಂತೋ? ವಾರಂಟಿ ಎಷ್ಟು ತಿಂಗಳು? ರಿಪೇರಿ ಬೇಡ ಅಂದರೆ ತಪಾಸಣೆಗೆ ಎಷ್ಟು ಕೊಡಬೇಕು? ಹಳೇ ಯೂನಿಟ್ ವಾಪಸ್ ಕೊಡ್ರಿ ಅನ್ರಿ. ಬಿಲ್ಲಿನಲ್ಲಿ ಬಾಡಿ ಸೀರಿಯಲ್ ನಂಬರ್, ಶಟರ್ ಬದಲಿಸಿದ ತಾರೀಖು ಬರೆಸ್ರಿ. ಕೌಂಟ್ ಲೆಕ್ಕ ಇರೋದು ಬೋರ್ಡಿನ ಮೆಮರಿಯಲ್ಲಿ, ಶಟರ್ ಹೊಸದಾದರೂ ಬಹಳ ಸಲ ಹಳೇ ಅಂಕಿಯೇ ಮುಂದುವರೀತದೆ. ನಾಳೆ ಮಾರುವಾಗ ಆ ಬಿಲ್ಲೇ ಸಾಕ್ಷಿ.

ಕೊರಿಯರ್ ಮಾಡೋದಾದರೆ ಬರೀ ಬಾಡಿ, ಬಾಡಿ ಕ್ಯಾಪ್ ಹಾಕಿ. ಲೆನ್ಸ್, ಕಾರ್ಡ್, ಬೆಲ್ಟ್, ಬ್ಯಾಟರಿ ಬೇಡ. ಲಿಥಿಯಂ ಬ್ಯಾಟರಿ ವಿಮಾನದ ಕೊರಿಯರಿನಲ್ಲಿ ತಕರಾರು. ಡಬ್ಬಿಯೊಳಗೆ ಡಬ್ಬಿ, ಇನ್ಶೂರೆನ್ಸ್ ಮಾಡಿಸ್ರಿ. 1/4000ದ ಎರಡು ಫೋಟೊ ಪ್ರಿಂಟ್ ತೆಗೆದು ಜೊತೆಗೆ ಇಟ್ಟರೆ ಟೆಕ್ನಿಷಿಯನ್‌ಗೆ ಅನುಕೂಲ.

ಆನ್‌ಲೈನಿನಲ್ಲಿ ಯೂನಿಟ್ ತರಿಸಿ ಮನೆಯಲ್ಲೇ ಬಿಚ್ಚೋಣ ಅಂತ ಯಾರಾದರೂ ಓದ್ತಿದ್ದರೆ: ಪಾಪ್‌ಅಪ್ ಫ್ಲ್ಯಾಶ್ ಇರುವ ಬಾಡಿಯ ಕೆಪಾಸಿಟರಿನಲ್ಲಿ 300 ವೋಲ್ಟ್ ಆಸುಪಾಸು ಇರ್ತದೆ. ಬ್ಯಾಟರಿ ತೆಗೆದರೂ ಹೊಡೀತದೆ. ಸ್ಕ್ರೂ ಜಪಾನ್ ಅಳತೆಯವು, ಪೇಟೆಯ ಸಾದಾ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೀತದೆ.

ಘಟಪ್ರಭಾ (ಬಾಗಲಕೋಟೆ)

ನನ್ನ ಲೆಕ್ಕ ಸ್ವಲ್ಪ ಬ್ಯಾರೆ. 35,000ದ ಬಾಡಿಗೆ 15,340 ಅಂದ್ರ ನೂರಕ್ಕ 44. ಮೂರನೇ ಒಂದು ಪಾಲು ದಾಟಿದ್ರ ನಾನಂತೂ ಎರಡು ಸಲ ವಿಚಾರ ಮಾಡ್ತೀನಿ. ಆ ದುಡ್ಡಿಗೆ ಈ ಬಾಡಿಯ ಬೋರ್ಡು, ಮೋಟಾರು ಹೊಸದಾಗೂದಿಲ್ಲ.

ಅರ್ಧಪರದೆ (ಬೆಳಗಾವಿ)

ಆ ಲೆಕ್ಕ ಅರ್ಧ ಸರಿ. ಮಾರಲಿಕ್ಕೆ ಹೋದರೆ ಈ ಶಟರಿನ ಬಾಡಿಗೆ 35,000 ಯಾರೂ ಕೊಡೋದಿಲ್ಲ. 35,000 ಕೊಟ್ಟು ಇನ್ನೊಂದು ತಂದರೆ ಅದರ ಶಟರ್ ಎಷ್ಟು ಓಡಿದೆ ಅಂತ ಮತ್ತೆ ಇದೇ ತಲೆನೋವು. ಸೆನ್ಸರ್, ಮೌಂಟ್, ಆಟೊಫೋಕಸ್ ಮೂರೂ ಚೊಲೋ ಇದ್ದರೆ, ಯೂನಿಟ್ ಹೊಸದೇ ಆದರೆ, ಬದಲಿಸೋದೇ ವಾಸಿ. ಯೂನಿಟ್ ಕಿತ್ತದ್ದು ಅಂತಾದರೆ ಘಟಪ್ರಭಾ ಅವರ ಮಾತೇ ಸರಿ, 13,000 ಕೊಡಬೇಡ್ರಿ.

ಸೆಕೆಂಡ್ ಹ್ಯಾಂಡ್ ನೋಡೋದೇ ಆದರೆ ಮಾಡೆಲಿನ ಚರಿತ್ರೆ ನೋಡ್ರಿ. ನಿಕಾನ್ ಡಿ600ಕ್ಕೆ 2014ರಲ್ಲಿ ಕಂಪನಿಯೇ ಪುಕ್ಕಟೆ ಶಟರ್ ಬದಲಿಸಿಕೊಟ್ಟಿತ್ತು, ಡಿ750ರ ಕೆಲವು ಸೀರಿಯಲ್ ನಂಬರಿಗೂ ಆಮೇಲೆ ಶಟರ್ ಸರ್ವಿಸ್ ಘೋಷಣೆ ಆಯ್ತು. ಅದು ಆದ ಬಾಡಿಯೋ ಅಲ್ಲವೋ ಕೇಳ್ರಿ. ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಹೋಗೋ ಮನಸ್ಸಿದ್ದರೆ ನಿಕಾನ್ ಜೆಡ್8, ಜೆಡ್9ರಲ್ಲಿ ಯಾಂತ್ರಿಕ ಶಟರೇ ಇಲ್ಲ, ಆದರೆ ಅದು ಬೇರೆ ಬಜೆಟ್ಟು.

ರಿಪೇರಿಗೆ ಕಳಿಸೋವರೆಗೆ ಹೊರಗಿನ ಕೆಲಸ ಬಂದರೆ: 1/200ರೊಳಗೇ ಇರ್ರಿ, ಲೆನ್ಸಿಗೆ ಎನ್‌ಡಿ8 ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಹಾಕ್ರಿ. ಮೂರು ಸ್ಟಾಪ್ ಬೆಳಕು ತಡೀತದೆ, ಅಂದರೆ ಎಂಟನೇ ಒಂದು ಪಾಲು ಅಷ್ಟೇ ಒಳಗೆ ಬಿಡ್ತದೆ, 1/1600 ಬೇಕಾದ ಬಿಸಿಲಿಗೆ 1/200 ಸಾಕಾಗ್ತದೆ, ಎಫ್ 1.8ರ ಹಿನ್ನೆಲೆ ಮಬ್ಬೂ ಉಳೀತದೆ. ನಿಮ್ಮ ಬಾಡಿ ಲೈವ್ ವ್ಯೂದಲ್ಲಿ ಸೈಲೆಂಟ್ ಮೋಡ್ ಇರುವ ಕ್ಯಾನನ್ ಆದರೆ ಅದನ್ನೂ ನೋಡ್ರಿ. ಅಲ್ಲಿ ಮೊದಲ ಪರದೆಯ ಕೆಲಸ ಸೆನ್ಸರ್ ಮಾಡ್ತದೆ. ನಿಮ್ಮದು ಸೋತಿರೋದು ಮೊದಲ ಪರದೆ. ಹಾಗಾಗಿ ಆ ಮೋಡಿನಲ್ಲಿ 1/4000 ಹೊಡೆದು ಮಬ್ಬು ಹೋದರೆ, ಎರಡನೇ ಪರದೆ ಇನ್ನೂ ಗಟ್ಟಿ ಇದೆ ಅಂತಲೂ ಖಾತ್ರಿ ಆಗ್ತದೆ. ಆ ಫೋಟೊವನ್ನೂ ಟೆಕ್ನಿಷಿಯನ್‌ಗೆ ತೋರಿಸ್ರಿ.