ಅಪ್‌ಡೇಟ್: ಆ 24 ಅಡಿ ಹಾಯಿದೋಣಿ ನೋಡಿ ಬಂದೆವು
ಮನೆಯ ನಾಲ್ಕು ಜನ ಮಲ್ಪೆ ಸುತ್ತಮುತ್ತ ಓಡಾಡಲು ಹಳೇ ಹಾಯಿದೋಣಿ ಕೊಳ್ಳಬಹುದಾ ಎಂದು ಕೇಳಿದ್ದೆನಲ್ಲ, ನೋಡಿ ಬಂದೆವು. ನೀವು ಹೇಳಿದಂತೆ ಸ್ಕ್ರೂಡ್ರೈವರ್ ಹಿಡಿಯಿಂದ ಡೆಕ್ ಪೂರ್ತಿ ತಟ್ಟಿದೆ. ಎಲ್ಲ ಕಡೆ ಟಕ್ ಟಕ್. ಮಾಸ್ಟ್ (ಹಾಯಿ ಕಟ್ಟುವ ಕಂಬ) ಬುಡದಲ್ಲಿ ಮಾತ್ರ ದಬ್ ದಬ್, ಹಣ್ಣಾದ ಹಲಸು ಬಡಿದ ಹಾಗೆ! ಅಂದರೆ ಅಲ್ಲಿ ಡೆಕ್‌ನ ಫೈಬರ್ ಪದರಗಳ ನಡುವಿನ ಬಾಲ್ಸಾ ಎಂಬ ಹಗುರ ಮರ ನೀರು ಕುಡಿದು ಮೆತ್ತಗಾಗಿದೆ. ಮೇಲೆ ಬಣ್ಣ ಮಾತ್ರ ಫಳಫಳ.

ಇನ್ನೊಂದು, ಕೀಲ್ (ದೋಣಿಯ ತಳದಿಂದ ನೀರೊಳಗೆ ಇಳಿದಿರುವ ರೆಕ್ಕೆಯಂಥ ಭಾಗ) ಆಳ ನಾಲ್ಕೂವರೆ ಅಡಿ. ನೀರು ಇಳಿದಾಗ ಅಳಿವೆ ದಾಟುವುದೇ ಭಯ. ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಹತ್ತಿರ ಹೋಗುವುದಂತೂ ದೂರದ ಮಾತು. ಮಾಲೀಕರು ಬೆಲೆ ಇಳಿಸಿದರು. ಮಗಳು ಮುಖ ಊದಿಸಿಕೊಂಡಳು. ಆದರೂ ಬೇಡ ಎಂದೆವು.

ಮಳೆಗಾಲದಲ್ಲಿ ಹೇಗೂ ಕಡಲಿಗೆ ಇಳಿಯುವಂತಿಲ್ಲ. ಅದು ಮುಗಿಯುವಷ್ಟರೊಳಗೆ ಕೀಲ್ ಮೇಲಕ್ಕೆತ್ತಬಹುದಾದ ದೋಣಿ ಹುಡುಕುತ್ತೇವೆ.