ತುರ್ತು: ‘ಮಿರ್ಟಲ್ ಎಸೆನ್ಷಿಯಲ್ ಆಯಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. 10 ಮಿ.ಲೀ. ಸೀಸೆಯೊಂದರ ಚೀಟಿ ಮತ್ತು ಅದರ ಜೊತೆಗಿಡುವ ಕರಪತ್ರ ಕನ್ನಡಕ್ಕೆ ಆಗಬೇಕು. ಸಂಜೆ ಆರಕ್ಕೆ ಅಚ್ಚಿಗೆ ಹೋಗುತ್ತದೆ. ಹಳೆಯ ಚೀಟಿಯಲ್ಲಿ ‘ಮಿರ್ಟಲ್ ಅಗತ್ಯ ತೈಲ’ ಎಂದಿದೆ. ಯಾರಿಗೆ ಅಗತ್ಯ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಗಿಡ ಮೆಡಿಟರೇನಿಯನ್ ಸುತ್ತಿನ ನಿತ್ಯಹಸಿರು ಪೊದೆ, ಮಿರ್ಟಸ್ ಕಮ್ಯುನಿಸ್. ಬಿಳಿ ಹೂ, ಕಪ್ಪುನೀಲಿ ಹಣ್ಣು. ಎಲೆ ಮತ್ತು ಎಳೆ ರೆಂಬೆಗಳನ್ನು ಹಬೆಯಲ್ಲಿ ಬಟ್ಟಿಯಿಳಿಸಿ ಎಣ್ಣೆ ತೆಗೆಯುತ್ತಾರೆ. ನನ್ನ ನಿಘಂಟು ‘ಒಂದು ಬಗೆಯ ಸುವಾಸನೆಯ ಪೊದೆ’ ಎಂದು ಕೈತೊಳೆದುಕೊಂಡಿದೆ. ಚೀಟಿಯ ಅಗಲ ಎರಡೂವರೆ ಸೆಂಟಿಮೀಟರು, ಅಷ್ಟುದ್ದ ಹಿಡಿಸುವುದಿಲ್ಲ.
— ವಿ.

> ಹಳೆಯ ಚೀಟಿಯಲ್ಲಿ ‘ಮಿರ್ಟಲ್ ಅಗತ್ಯ ತೈಲ’

ಮೊದಲು ಅದನ್ನು ಅಳಿಸಿ. ಈ ಎಸೆನ್ಷಿಯಲ್ ಹುಟ್ಟಿದ್ದು ಎಸೆನ್ಸಿನಿಂದ, ಅಂದರೆ ಸಾರ. ಗಿಡದ ಸಾರವನ್ನೇ ಸೆಳೆದ ಎಣ್ಣೆ ಎಂಬ ಹಳೆಯ ರಸವಾದಿಗಳ ಕಲ್ಪನೆ ಅದರ ಹಿಂದಿದೆ. ‘ಸಾರತೈಲ’ ಸಾಕು. ‘ಸುಗಂಧ ತೈಲ’ ಬಳಕೆಯಲ್ಲಿದೆ, ಆದರೆ ಅತ್ತರಿಗೂ ಅದೇ, ತಲೆಗೆ ಹಚ್ಚುವ ಘಮಘಮ ಎಣ್ಣೆಗೂ ಅದೇ.

ಗಿಡಕ್ಕೆ ಗ್ರೀಕರು ಮಿರ್ಟೋಸ್, ಹೀಬ್ರೂವಿನಲ್ಲಿ ಹದಸ್, ಅರಬ್ಬಿಯಲ್ಲಿ ಆಸ್. ಯುನಾನಿಯವರು ಹಣ್ಣನ್ನು ಹಬ್ಬುಲ್ ಆಸ್ ಎನ್ನುತ್ತಾರೆ. ಹಿಂದಿಯಲ್ಲಿ ವಿಲಾಯತಿ ಮೆಹಂದಿ. ನಾವು ‘ಸೀಮೆ ಮದರಂಗಿ’ ಮಾಡಿಕೊಳ್ಳಬಹುದು.
— ಗ.

ಸಾರ, ತಯ್ಲ, ಸುಗಂದ. ಕನ್ನಡದವರಿಗೆ ಎಣ್ಣೆ ಅನ್ನಲು ಬಾಯಿ ನೋಯುತ್ತದೆಯೆ? ಕಂಪು + ಎಣ್ಣೆ = ಕಂಪೆಣ್ಣೆ. ಚೀಟಿಯಲ್ಲೂ ಹಿಡಿಸುತ್ತದೆ. ಮುಗಿಯಿತು.
— ಬಿ.

ಮುಗಿಯಲಿಲ್ಲ. ತೈಲ ಬಂದದ್ದು ತಿಲದಿಂದ, ಅಂದರೆ ಎಳ್ಳಿನದು. ನಿಮ್ಮ ಎಣ್ಣೆ? ಎಳ್ + ನೆಯ್, ಅಂದರೆ ಎಳ್ಳಿನ ಜಿಡ್ಡು. ಅದೂ ಎಳ್ಳಿನದೇ! ಅತ್ತ ಇಂಗ್ಲಿಷಿನ ಆಯಿಲ್ ಆಲಿವ್ ಕಾಯಿಂದ ಬಂದದ್ದು. ಎಲ್ಲ ಭಾಷೆಯವರೂ ಕೈಗೆ ಸಿಕ್ಕ ಬೀಜವನ್ನೋ ಕಾಯನ್ನೋ ಹಿಂಡಿ ಹೆಸರಿಟ್ಟಿದ್ದಾರೆ. ಇದರಲ್ಲಿ ಒಂದು ಶುದ್ಧ, ಇನ್ನೊಂದು ಎರವಲು ಅಂತ ಜಗಳವಾಡಿ ಏನು ಬಂತು? ‘ಸುಗಂದ’ ಅಂತ ಹೊಟ್ಟೆ ಸೀಳದ ದಕಾರ ಬರೆದ ಮಾತ್ರಕ್ಕೆ ಸಂಸ್ಕೃತ ಮನೆ ಖಾಲಿ ಮಾಡುವುದಿಲ್ಲ.
— ಗ.

> ಅದೂ ಎಳ್ಳಿನದೇ

ಸೀಮೆಎಣ್ಣೆಯಲ್ಲಿ ಎಳ್ಳೆಶ್ಟು, ಹೇಳಿ. ಪದ ಬೆಳೆಯುತ್ತದೆ. ತಯ್ಲವನ್ನು ಯಾರೂ ಅಡುಗೆಮನೆಯಲ್ಲಿ ಕೇಳುವುದಿಲ್ಲ.
— ಬಿ.

ಇಬ್ಬರೂ ಒಂದು ನಿಮಿಷ ಸುಮ್ಮನಿರಿ. ಹದಿನೈದು ವರ್ಷದಿಂದ ಇಂಥ ಎಣ್ಣೆಗಳನ್ನು ಬೆರೆಸುವ ಕೆಲಸ ನನ್ನದು.

‘ಸೀಮೆ ಮದರಂಗಿ’ ದಯವಿಟ್ಟು ಬೇಡ. ಮದರಂಗಿಯ ಕುಟುಂಬವೇ ಬೇರೆ. ಮಿರ್ಟಲ್ಲಿನ ನೆಂಟರು ನೀಲಗಿರಿ, ಲವಂಗ, ನೇರಳೆ, ಸೀಬೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದಂತೆ ಚುಕ್ಕಿ ಕಾಣುತ್ತವಲ್ಲ, ಎಣ್ಣೆ ಇರುವುದು ಆ ಗ್ರಂಥಿಗಳಲ್ಲಿ. ಸೀಸೆಯ ಮೇಲೆ ಮದರಂಗಿ ಎಂದು ಕಂಡರೆ ಯಾರಾದರೂ ಹಾಗೇ ಅಂಗೈಗೆ ಸುರಿದುಕೊಂಡಾರು. ಇದನ್ನು ಬೇರೆ ಎಣ್ಣೆಯಲ್ಲಿ ತೆಳುಮಾಡದೆ ಚರ್ಮಕ್ಕೆ ಹಚ್ಚಬಾರದು. ನೀಲಗಿರಿ ಎಣ್ಣೆಯಲ್ಲೂ ಇರುವ ಸಿನಿಯೋಲ್ ಎಂಬ ರಾಸಾಯನಿಕ ಇದರಲ್ಲಿರುವುದರಿಂದ ಹಸುಗೂಸಿನ ಮೂಗಿನ ಹತ್ತಿರ ಸುಳಿಯಲೂ ಬಾರದು. ಹೆಸರು ಕೆಟ್ಟರೆ ಬರಿಯ ಭಾಷೆ ಕೆಡುವುದಿಲ್ಲ.

ಇನ್ನು ಎಣ್ಣೆಯೋ ತೈಲವೋ: ಕಾಗದದ ಮೇಲೆ ಒಂದು ತೊಟ್ಟು ಬಿಡಿ. ಎಳ್ಳೆಣ್ಣೆಯ ಜಿಡ್ಡು ಹಾಗೇ ಕೂರುತ್ತದೆ, ಇದು ಹೆಚ್ಚುಕಡಿಮೆ ಗುರುತಿಲ್ಲದಂತೆ ಹಾರಿಹೋಗುತ್ತದೆ. ನೆಯ್ ಇಲ್ಲದ ಎಣ್ಣೆ! ‘ಆವಿಯೆಣ್ಣೆ’ ಅಂದರೆ ನನಗೆ ಹೆಚ್ಚು ಒಪ್ಪಿಗೆ, ಆದರೆ ಕೊಳ್ಳುವವರಿಗೆ ಅರ್ಥವಾಗಬೇಕಲ್ಲ.

ವಿ. ಅವರೇ, ಕರಪತ್ರದಲ್ಲಿ ‘ಹಸಿರು’, ‘ಕೆಂಪು’ ಎಂದಿದೆಯೇ? ವ್ಯಾಪಾರದಲ್ಲಿ ಆ ಎರಡು ಬಗೆ ಓಡಾಡುತ್ತವೆ. ಕಾರ್ಸಿಕಾದ ‘ಹಸಿರಿ’ನಲ್ಲಿ ಪೈನೀನ್ ಮತ್ತು ಸಿನಿಯೋಲ್ ಮುಂದು, ಮೂಗಿಗೆ ನೀಲಗಿರಿಯ ತಂಗಿಯ ಹಾಗೆ. ಮೊರಾಕ್ಕೊದ ‘ಕೆಂಪಿ’ನಲ್ಲಿ ಮಿರ್ಟೆನೈಲ್ ಅಸಿಟೇಟ್ ಜಾಸ್ತಿ, ವಾಸನೆ ಸಿಹಿ. ‘ಕೆಂಪು ಎಣ್ಣೆ’ ಎಂದು ಅನುವಾದಿಸಬೇಡಿ, ಎರಡರ ಹೆಸರಿನಲ್ಲೂ ಬಣ್ಣವನ್ನು ‘ಮಿರ್ಟಲ್’ಗೇ ಅಂಟಿಸಿ. ‘ಲೆಮನ್ ಮಿರ್ಟಲ್’ ಎಂದಿದ್ದರಂತೂ ತಕ್ಷಣ ನಿಲ್ಲಿಸಿ. ಅದು ಆಸ್ಟ್ರೇಲಿಯಾದ ಬೇರೆಯೇ ಮರ, ಬ್ಯಾಕ್‌ಹೌಸಿಯಾ ಸಿಟ್ರಿಯೊಡೋರಾ. ಅದರ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಸಿಟ್ರಾಲೇ ಇರುವುದುಂಟು, ಚರ್ಮ ಉರಿಯುತ್ತದೆ.
— ಶಾ.

ಶಾ. ಮೇಡಂ, ಮೂರನೇ ಪುಟದಲ್ಲಿ ‘ಲೆಮನ್ ಮಿರ್ಟಲ್’ ಇದೆ! ನಾನದನ್ನು ‘ನಿಂಬೆ ವಾಸನೆಯ ಮಿರ್ಟಲ್’ ಅಂತ ಬರೆದು ಕೂತಿದ್ದೆ. ಫೋನ್ ಮಾಡಿದೆ. ಬೇರೊಂದು ಸೀಸೆಯ ಕರಪತ್ರದಿಂದ ಸೇರಿಕೊಂಡ ಸಾಲಂತೆ, ತೆಗೆಸಿದೆ.
— ವಿ.

ಮದರಂಗಿಯನ್ನು ಹಿಂತೆಗೆದುಕೊಂಡಿದ್ದೇನೆ. ಸಾರತೈಲವನ್ನಲ್ಲ. ನೀಲಗಿರಿ ಎಣ್ಣೆಯ ಮರವೂ ಆಸ್ಟ್ರೇಲಿಯಾದ್ದೇ, ಬೆಟ್ಟದ ಹೆಸರು ಕೊಟ್ಟು ನಮ್ಮದು ಮಾಡಿಕೊಂಡೆವು. ಹಾಗೆ ಒಂದು ಹೆಸರು ತಾನಾಗಿ ಹುಟ್ಟುವ ತನಕ ಮಿರ್ಟಲ್ ಮಿರ್ಟಲ್ ಆಗಿಯೇ ಇರಲಿ.
— ಗ.

ಕೊನೆಗೂ ಎರವಲು. ಮಿರ್ಟಲ್ ಅನ್ನುವಾಗ ಕಂಪೆಣ್ಣೆಗೆ ಏನು ತೊಂದರೆ?
— ಬಿ.

ತೊಂದರೆ ಏನಿಲ್ಲ ಸಾರ್, ‘ಕಂಪೆಣ್ಣೆ’ಯನ್ನು ಅಂಗಡಿಯವರು ‘ಕೆಂಪೆಣ್ಣೆ’ ಅಂತ ಓದಿದರು. ಮೇಲೆ ಹಸಿರು ಮಿರ್ಟಲ್ ಅಂತಿದ್ದದ್ದರಿಂದ ಗಲಿಬಿಲಿಯಾಯಿತು. ಐದೂಮುಕ್ಕಾಲಿಗೆ ಕಳಿಸಿಬಿಟ್ಟೆ: ‘ಹಸಿರು ಮಿರ್ಟಲ್ ಎಲೆಯ ಸಾರತೈಲ’, ಕೆಳಗೆ ಸಣ್ಣಕ್ಷರದಲ್ಲಿ ಮಿರ್ಟಸ್ ಕಮ್ಯುನಿಸ್, ಅದರಡಿ ‘ತೆಳುಮಾಡಿ ಬಳಸಿ’. ಎಲ್ಲರಿಗೂ ಧನ್ಯವಾದ.
— ವಿ.

‘ತೆಳುಮಾಡಿ ಬಳಸಿ’ ಚೆನ್ನಾಗಿದೆ. ಅದೊಂದು ಸಾಲನ್ನು ಯಾರೂ ಚರ್ಚಿಸಲಿಲ್ಲ, ಅದಕ್ಕೇ ಕನ್ನಡವಾಗಿ ಉಳಿಯಿತು.
— ಬಿ.